ಗುಂಡಿ ಒತ್ತಿದರೆ ಹನ್ನೊಂದು ಸೆಕೆಂಡು ಬೆಳಕು

“ಉಮ್ಮಾ, ಸೋಮವಾರ ಕ್ಲಾಸಿನಲ್ಲಿ ಮಾಡೆಲ್ ತೋರಿಸಬೇಕು. ಗುಂಡಿ ಒತ್ತಿದರೆ ಬಲ್ಬ್ ಉರಿಯಬೇಕು, ಸ್ವಲ್ಪ ಹೊತ್ತಾದ ಮೇಲೆ ತಾನಾಗಿಯೇ ಆರಬೇಕು” ಎಂದು ಮಗಳು ಹೇಳಿದರೆ ನೀವೇನು ಮಾಡುತ್ತೀರಿ? ಅಂಗಡಿಯಿಂದ ಸಿದ್ಧ ಮಾಡೆಲ್ ತರಿಸುವಿರಾ? “ಕರೆಂಟಿನ ಕೆಲಸ ನಿನಗೆ ಬೇಡ, ಅಣ್ಣನಲ್ಲಿ ಮಾಡಿಸು” ಎನ್ನುವಿರಾ? ಎರಡೂ ಬೇಡ. ಅವಳೇ ಮಾಡಲಿ. ನೀವು ಪಕ್ಕದಲ್ಲಿ ಕುಳಿತುಕೊಳ್ಳಿ, ಸಾಕು.

ಇದಕ್ಕೆ ಬೇಕಾದ ಮುಖ್ಯ ವಸ್ತು ‘555’ ಎಂಬ ಎಂಟು ಕಾಲಿನ ಪುಟ್ಟ ಐಸಿ. ಹಾನ್ಸ್ ಕ್ಯಾಮೆನ್‌ಜಿಂಡ್ ಎಂಬವರು 1971ರಲ್ಲಿ ಇದನ್ನು ರೂಪಿಸಿದರು. ಇಂದಿಗೂ ಕೆಲವೇ ರೂಪಾಯಿಗಳಿಗೆ ಸಿಗುತ್ತದೆ.

ಸಮಯ ಅಳೆಯುವ ಬಗೆ ಸರಳ. ಸಣ್ಣಗೆ ಬಿಟ್ಟ ನಲ್ಲಿಯಿಂದ ಕೊಡ ತುಂಬುವುದನ್ನು ನೆನಪಿಸಿಕೊಳ್ಳಿ. ನಲ್ಲಿಯೇ ರೆಸಿಸ್ಟರ್, ಕೊಡವೇ ಕೆಪಾಸಿಟರ್. ಕೊಡ ಮೂರರಲ್ಲಿ ಎರಡು ಪಾಲು ತುಂಬಿದೊಡನೆ ಐಸಿ ಬಲ್ಬನ್ನು ಆರಿಸುತ್ತದೆ. ಲೆಕ್ಕ ಹೀಗೆ: ರೆಸಿಸ್ಟರನ್ನು ಕೆಪಾಸಿಟರ್‌ನಿಂದ ಗುಣಿಸಿ, ಮತ್ತೆ 1.1ರಿಂದ ಗುಣಿಸಬೇಕು. 100 ಕಿಲೋ ಓಮ್ ಮತ್ತು 100 ಮೈಕ್ರೋಫ್ಯಾರಡ್ ಆದರೆ 11 ಸೆಕೆಂಡು. ತರಗತಿಗೆ ಇಷ್ಟೇ ಹಿತ. ಒಂದು ನಿಮಿಷವಾದರೆ ಮಕ್ಕಳು ಮಾತಿಗೆ ತೊಡಗುತ್ತಾರೆ.

ಜೋಡಣೆಯನ್ನು ಬ್ರೆಡ್‌ಬೋರ್ಡ್ ಮೇಲೆ ಮಾಡಲಿ, ಬೆಸುಗೆ ಬೇಡ. ಎಂಟು ಸೆಲ್‌ಗಳ 12 ವೋಲ್ಟ್ ಸಾಕು. ಐಸಿಯ 4 ಮತ್ತು 8ನೇ ಕಾಲು ಪ್ಲಸ್‌ಗೆ, 1ನೇ ಕಾಲು ಮೈನಸ್‌ಗೆ. 6 ಮತ್ತು 7ನ್ನು ಒಟ್ಟು ಸೇರಿಸಿ, ಅಲ್ಲಿಂದ ಪ್ಲಸ್‌ಗೆ ರೆಸಿಸ್ಟರ್, ಮೈನಸ್‌ಗೆ ಕೆಪಾಸಿಟರ್. 5ನೇ ಕಾಲಿನಿಂದ ಮೈನಸ್‌ಗೆ 0.01 ಮೈಕ್ರೋಫ್ಯಾರಡ್‌ನ ಸಣ್ಣ ಕೆಪಾಸಿಟರ್. 2ನೇ ಕಾಲಿನಿಂದ ಪ್ಲಸ್‌ಗೆ 10 ಕಿಲೋ ಓಮ್, ಮೈನಸ್‌ಗೆ ಗುಂಡಿ. 3ನೇ ಕಾಲಿನಿಂದ 2.2 ಕಿಲೋ ಓಮ್ ಮೂಲಕ ಬಿಸಿ547 ಟ್ರಾನ್ಸಿಸ್ಟರ್‌ನ ಬೇಸ್‌ಗೆ. ಎಮಿಟರ್ ಮೈನಸ್‌ಗೆ. ಕಲೆಕ್ಟರ್ ಮತ್ತು ಪ್ಲಸ್ ನಡುವೆ 12 ವೋಲ್ಟಿನ ಸಣ್ಣ ರಿಲೇಯ ಸುರುಳಿ.

ಆ ಸುರುಳಿಗೆ ಅಡ್ಡಲಾಗಿ ಒಂದು ಡಯೋಡ್ ಇರಲೇಬೇಕು. ಅದರ ಬಿಳಿ ಪಟ್ಟಿ ಪ್ಲಸ್ ಕಡೆಗಿರಲಿ. ರಿಲೇ ಆರುವ ಕ್ಷಣದಲ್ಲಿ ಸುರುಳಿಯಿಂದ ಹೆಚ್ಚು ವೋಲ್ಟೇಜ್ ಹಿಂದಕ್ಕೆ ಹೊಡೆಯುತ್ತದೆ. ಡಯೋಡ್ ಮರೆತರೆ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು.

ರಿಲೇಯ ಸ್ವಿಚ್ ಬದಿಗೆ ಟಾರ್ಚಿನ ಬಲ್ಬ್ ಮತ್ತು ಅದಕ್ಕೇ ಬೇರೆ ಎರಡು ಸೆಲ್ ಜೋಡಿಸಲಿ. ಒಂದು ಸರ್ಕಿಟ್ ಇನ್ನೊಂದನ್ನು ಮುಟ್ಟದೆಯೇ ನಡೆಸುತ್ತದೆ ಎಂಬುದು ಎಲ್ಲರಿಗೂ ಕಣ್ಣಾರೆ ಕಾಣುತ್ತದೆ. ‘ಟಿಕ್’ ಎಂಬ ಸದ್ದೂ ಕೇಳಿಸುತ್ತದೆ.

ಒಂದು ಎಚ್ಚರಿಕೆ. ರಿಲೇಯ ಮೇಲೆ ಹೆಚ್ಚಿನ ವೋಲ್ಟೇಜ್ ಬರೆದಿರುವುದನ್ನು ಕಂಡು ಮನೆಯ 230 ವೋಲ್ಟ್ ಕರೆಂಟಿಗೆ ಜೋಡಿಸುವ ಆಸೆ ಹುಟ್ಟಬಹುದು. ಖಂಡಿತ ಬಿಡಬೇಡಿ. ಬ್ರೆಡ್‌ಬೋರ್ಡ್ ಅದಕ್ಕೆ ತಕ್ಕುದಲ್ಲ, ಜೀವಕ್ಕೇ ಅಪಾಯ.

ಗಡಿಯಾರ 11ರ ಬದಲು 12 ಅಥವಾ 13 ತೋರಿಸಿದರೆ ಮಗಳು ಮುಖ ಸಪ್ಪೆ ಮಾಡಿಕೊಳ್ಳಬೇಕಾಗಿಲ್ಲ. ಇಂತಹ ಕೆಪಾಸಿಟರ್‌ಗಳಲ್ಲಿ ಶೇ. 20ರಷ್ಟು ಏರುಪೇರು ಸಾಮಾನ್ಯ. “ಯಾಕೆ ಹೆಚ್ಚಾಯಿತು?” ಎಂದು ಟೀಚರ್ ಕೇಳಿದಾಗ ಕೊಂಡು ತಂದ ಮಗು ಸುಮ್ಮನೆ ನಿಲ್ಲುತ್ತದೆ. ತಾನೇ ಲೆಕ್ಕ ಹಾಕಿ ಜೋಡಿಸಿದ ನಿಮ್ಮ ಮಗಳು ಉತ್ತರ ಹೇಳುತ್ತಾಳೆ. ಆ ಉತ್ತರಕ್ಕಾಗಿ ಒಂದು ಸಂಜೆ ಅವಳ ಜೊತೆ ಕುಳಿತುಕೊಳ್ಳಲಾರಿರಾ?