ಒಂದೇ ಯಂತ್ರ, ಹಲವು ಗಡಿಯಾರ

ಪ್ರಶ್ನೆ: ಒಂದು ದೊಡ್ಡ ಕಂಪ್ಯೂಟರನ್ನು ಪಾಲು ಮಾಡಿ ಹಲವು ಯಂತ್ರಗಳಂತೆ ಬಳಸುತ್ತಾರಂತೆ. ಆಗ ಎಲ್ಲ ಪ್ರೊಸೆಸರ್‌ಗಳೂ ಒಂದೇ ಸಮಯ ತೋರಿಸುವುದು ಹೇಗೆ?

ಉತ್ತರ: ಬ್ಯಾಂಕುಗಳು ನೆಚ್ಚಿಕೊಂಡಿರುವ ಐಬಿಎಂ ಮೇನ್‌ಫ್ರೇಮ್‌ಗಳನ್ನೇ ನೋಡೋಣ. ಅವುಗಳ ಗಡಿಯಾರ ಮೂಲತಃ 64 ಬಿಟ್‌ಗಳ ಒಂದು ಎಣಿಕೆ. 1900ರ ಜನವರಿ 1ರಿಂದ ಲೆಕ್ಕ ಶುರು, ಮೈಕ್ರೋಸೆಕೆಂಡಿಗಿಂತಲೂ ಸೂಕ್ಷ್ಮ.

ಪಾಲುಗಳಿಗೆ ಬೇರೆ ಬೇರೆ ಗಡಿಯಾರ ಕೊಡುವುದಿಲ್ಲ. ಎಣಿಕೆ ಒಂದೇ, ಪ್ರತಿ ಪಾಲಿಗೂ ಅದರದೇ ಆದ ಒಂದು ‘ವ್ಯತ್ಯಾಸ’ವನ್ನು ಬರೆದಿಟ್ಟಿರುತ್ತಾರೆ. ಪಾಲು ಸಮಯ ಕೇಳಿದಾಗ ಎಣಿಕೆಗೆ ಆ ವ್ಯತ್ಯಾಸ ಸೇರಿಸಿದ ಮೊತ್ತ ಸಿಗುತ್ತದೆ. ಪರೀಕ್ಷೆಗೆಂದು ಒಂದು ಪಾಲಿನಲ್ಲಿ ಮುಂದಿನ ವರ್ಷದ ತಾರೀಖು ಇಟ್ಟರೂ ಪಕ್ಕದ ಪಾಲಿಗೆ ತೊಂದರೆಯಿಲ್ಲ. ಇಷ್ಟು ಸರಳವಾದ ಉಪಾಯ ಇಷ್ಟು ದೊಡ್ಡ ಹೊರೆ ಹೊರುವುದು ನನಗೆ ಬಹಳ ಮೆಚ್ಚುಗೆಯ ಸಂಗತಿ.

ಹಲವು ಯಂತ್ರಗಳು ಸೇರಿ ದುಡಿಯುವಾಗಲೇ ನಿಜವಾದ ಕಷ್ಟ. ಬೆಳಕೇ ಒಂದು ನ್ಯಾನೋಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಮಾತ್ರ ಸಾಗುತ್ತದೆ. ‘ಈಗ ಸಮಯ ಇಷ್ಟು’ ಎಂಬ ಸಂದೇಶ ತಲುಪುವಷ್ಟರಲ್ಲಿ ಹಳತಾಗಿರುತ್ತದೆ. ಹಾಗಾಗಿ ಸಂದೇಶ ಹೋಗಿಬರಲು ಹಿಡಿದ ಕಾಲವನ್ನು ಅಳೆದು, ಅದರ ಅರ್ಧವನ್ನು ಒಮ್ಮುಖ ಪ್ರಯಾಣದ ವಿಳಂಬವೆಂದು ಹಿಡಿಯುತ್ತಾರೆ. ಹೋಗುವ, ಬರುವ ದಾರಿಗಳ ವಿಳಂಬ ಸಮವಿಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಗಡಿಯಾರ ಮುಂದೆ ಓಡಿದ್ದರೆ ಹಿಂದಕ್ಕೆ ತಿರುಗಿಸುವಂತಿಲ್ಲ. ಹಾಗೆ ಮಾಡಿದರೆ ಖಾತೆಗೆ ಹಣ ಬಂದದ್ದಕ್ಕಿಂತ ಮೊದಲೇ ಅದನ್ನು ತೆಗೆದಂತೆ ದಾಖಲಾಗಬಹುದು. ಬದಲಿಗೆ ಅದರ ಓಟವನ್ನೇ ತುಸು ನಿಧಾನಗೊಳಿಸಿ, ಉಳಿದವು ಜೊತೆಗೂಡುವವರೆಗೆ ಹಾಗೆಯೇ ನಡೆಸುತ್ತಾರೆ.