ಲವ್ ನೆವರ್ ಡೈಸ್ (ಸಂಗೀತ ನಾಟಕ)

ಲವ್ ನೆವರ್ ಡೈಸ್ ಬ್ರಿಟಿಷ್ ಸಂಗೀತ ಸಂಯೋಜಕ ಆಂಡ್ರ್ಯೂ ಲಾಯ್ಡ್ ವೆಬ್ಬರ್ ಅವರ ಒಂದು ಸಂಗೀತ ನಾಟಕ. 'ಪ್ರೀತಿಗೆ ಸಾವಿಲ್ಲ' ಎಂಬುದು ಹೆಸರಿನ ಅರ್ಥ. ಇದು ಅವರದೇ ಜನಪ್ರಿಯ ಕೃತಿಯಾದ ದಿ ಫ್ಯಾಂಟಮ್ ಆಫ್ ದಿ ಆಪೆರಾದ ಉತ್ತರಭಾಗ. 2010ರ ಮಾರ್ಚ್ 9ರಂದು ಲಂಡನ್ನಿನ ಅಡೆಲ್ಫಿ ರಂಗಮಂದಿರದಲ್ಲಿ ಅಧಿಕೃತವಾಗಿ ಆರಂಭಗೊಂಡ ಈ ನಾಟಕ ಮೂಲಕೃತಿಯ ಯಶಸ್ಸನ್ನು ಪಡೆಯಲಿಲ್ಲ. 2011ರ ಆಗಸ್ಟ್ 27ರಂದು ಅಲ್ಲಿನ ಪ್ರದರ್ಶನಗಳು ಕೊನೆಗೊಂಡವು.

ಮೂಲಕೃತಿ

ಫ್ರೆಂಚ್ ಲೇಖಕ ಗಾಸ್ಟನ್ ಲೆರೂ ಅವರ ಕಾದಂಬರಿಯನ್ನು ಆಧರಿಸಿದ ಮೂಲನಾಟಕ 1986ರಲ್ಲಿ ಲಂಡನ್ನಿನಲ್ಲಿ ರಂಗವೇರಿತು. 1988ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಆರಂಭವಾದ ಅದರ ಪ್ರಯೋಗ 2023ರ ಏಪ್ರಿಲ್‌ವರೆಗೆ 13,981 ಪ್ರದರ್ಶನಗಳನ್ನು ಕಂಡು, ಬ್ರಾಡ್‌ವೇ ಇತಿಹಾಸದಲ್ಲೇ ಅತಿ ದೀರ್ಘಕಾಲ ನಡೆದ ನಾಟಕವೆನಿಸಿತು.

ಉತ್ತರಭಾಗದ ಬಗೆಗಿನ ಆಕ್ಷೇಪಗಳನ್ನು ಅರಿಯಲು ಮೂಲದ ಮುಕ್ತಾಯವನ್ನು ತಿಳಿದಿರಬೇಕು. ಪ್ಯಾರಿಸ್ಸಿನ ಆಪೆರಾ ಮಂದಿರದ ನೆಲಮಾಳಿಗೆಯಲ್ಲಿ ಅಡಗಿ ಬಾಳುವ, ವಿಕಾರಮುಖದ ಪ್ರತಿಭಾವಂತ ಫ್ಯಾಂಟಮ್, ಗಾಯಕಿ ಕ್ರಿಸ್ಟೀನಳನ್ನು ಬಯಸುತ್ತಾನೆ. ತನ್ನೊಡನೆ ಉಳಿಯದಿದ್ದರೆ ಅವಳ ಪ್ರಿಯಕರ ರೌಲ್‌ನನ್ನು ಕೊಲ್ಲುವುದಾಗಿ ಬೆದರಿಸುತ್ತಾನೆ. ಕ್ರಿಸ್ಟೀನ್ ಕರುಣೆಯಿಂದ ಅವನನ್ನು ಚುಂಬಿಸುತ್ತಾಳೆ. ಜೀವಮಾನದಲ್ಲಿ ಕರುಣೆಯನ್ನೇ ಕಾಣದಿದ್ದ ಅವನ ಮನಸ್ಸು ಕರಗಿ, ಇಬ್ಬರನ್ನೂ ಬಿಟ್ಟುಬಿಡುತ್ತಾನೆ. ಮುಖವಾಡವೊಂದನ್ನು ಉಳಿಸಿ ತಾನು ಕಣ್ಮರೆಯಾಗುತ್ತಾನೆ. ಈ ತ್ಯಾಗವೇ ನಾಟಕದ ಜೀವಾಳ.

ರಚನೆ

ಉತ್ತರಭಾಗದ ಆಲೋಚನೆ 1990ರ ದಶಕದಲ್ಲಿಯೇ ಮೊಳೆತಿತ್ತು. ಲಾಯ್ಡ್ ವೆಬ್ಬರ್ ಅವರೊಡನೆ ಚರ್ಚಿಸಿದ್ದ ಕಾದಂಬರಿಕಾರ ಫ್ರೆಡರಿಕ್ ಫೋರ್ಸಿತ್, 1999ರಲ್ಲಿ ದಿ ಫ್ಯಾಂಟಮ್ ಆಫ್ ಮ್ಯಾನ್‌ಹಟನ್ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ನಾಟಕದ ಕಥೆ ಇದನ್ನು ಸ್ಥೂಲವಾಗಿ ಆಧರಿಸಿದೆ. ರಂಗಪಠ್ಯದ ರಚನೆಯಲ್ಲಿ ಬೆನ್ ಎಲ್ಟನ್ ಪಾಲ್ಗೊಂಡರು. ಹಾಡುಗಳ ಸಾಹಿತ್ಯ ಮುಖ್ಯವಾಗಿ ಗ್ಲೆನ್ ಸ್ಲೇಟರ್ ಅವರದು. ಜ್ಯಾಕ್ ಓಬ್ರಿಯನ್ ನಿರ್ದೇಶಿಸಿದ ಲಂಡನ್ ಪ್ರಯೋಗದಲ್ಲಿ ರಮೀನ್ ಕರೀಮ್‌ಲೂ ಫ್ಯಾಂಟಮ್ ಆಗಿ, ಸಿಯೆರಾ ಬಾಗೆಸ್ ಕ್ರಿಸ್ಟೀನ್ ಆಗಿ ಅಭಿನಯಿಸಿದರು.

ಶೀರ್ಷಿಕೆ ಗೀತೆಯ ರಾಗಸಂಯೋಜನೆ ಹೊಸದಲ್ಲ. ಇದೇ ಧಾಟಿಯನ್ನು ಸಂಯೋಜಕರು 2000ದ ದಿ ಬ್ಯೂಟಿಫುಲ್ ಗೇಮ್ ನಾಟಕದಲ್ಲಿ ಬೇರೆ ಸಾಹಿತ್ಯದೊಂದಿಗೆ ಬಳಸಿದ್ದರು.

ಕಥಾಸಾರ

ಕಥೆ 1907ರಲ್ಲಿ, ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ ನಡೆಯುತ್ತದೆ. ಫ್ಯಾಂಟಮ್ ಅಲ್ಲಿ ಫ್ಯಾಂಟಸ್ಮಾ ಎಂಬ ವಿನೋದತಾಣದ ಒಡೆಯ. ಪ್ಯಾರಿಸ್ಸಿನಿಂದ ಅವನನ್ನು ಪಾರುಮಾಡಿದ ಮೇಡಮ್ ಗೀರಿ ಮತ್ತು ಅವಳ ಮಗಳು ಮೆಗ್ ಅವನ ಜೊತೆಗಿದ್ದಾರೆ. ಹಾಡಲು ಆಹ್ವಾನ ಪಡೆದ ಕ್ರಿಸ್ಟೀನ್, ಪತಿ ರೌಲ್ ಹಾಗೂ ಹತ್ತು ವರ್ಷದ ಮಗ ಗುಸ್ತಾವ್‌ನೊಂದಿಗೆ ಅಲ್ಲಿಗೆ ಬರುತ್ತಾಳೆ. ರೌಲ್ ಕುಡಿತಕ್ಕೂ ಜೂಜಿಗೂ ದಾಸನಾಗಿದ್ದಾನೆ. ಗುಸ್ತಾವ್ ಫ್ಯಾಂಟಮ್‌ನ ಮಗನೆಂಬ ಗುಟ್ಟು ಬಯಲಾಗುತ್ತದೆ. ಕ್ರಿಸ್ಟೀನ್ ಹಾಡಿದರೆ ರೌಲ್ ಅವಳನ್ನು ತೊರೆದು ಹೋಗಬೇಕೆಂದು ಇಬ್ಬರೂ ಪಂಥ ಕಟ್ಟುತ್ತಾರೆ. ಅವಳು ಹಾಡುತ್ತಾಳೆ. ಕೊನೆಯಲ್ಲಿ, ತನ್ನ ಶ್ರಮಕ್ಕೆ ಮನ್ನಣೆ ದೊರೆಯದೆ ನೊಂದ ಮೆಗ್‌ಳ ಕೈಯಲ್ಲಿದ್ದ ಪಿಸ್ತೂಲಿನಿಂದ ಆಕಸ್ಮಿಕವಾಗಿ ಗುಂಡು ಹಾರಿ ಕ್ರಿಸ್ಟೀನ್ ಸಾಯುತ್ತಾಳೆ.

ಪ್ರತಿಕ್ರಿಯೆ

ಸಂಗೀತಕ್ಕೂ ಮುಖ್ಯ ನಟರ ಗಾಯನಕ್ಕೂ ಮೆಚ್ಚುಗೆ ದೊರೆಯಿತಾದರೂ ಕಥೆ ತೀವ್ರ ಟೀಕೆಗೆ ಗುರಿಯಾಯಿತು. 'ಪೇಂಟ್ ನೆವರ್ ಡ್ರೈಸ್' (ಬಣ್ಣ ಒಣಗುವುದೇ ಇಲ್ಲ) ಎಂಬ ಅಣಕುಹೆಸರು ಪ್ರಚಾರಕ್ಕೆ ಬಂತು. ಮೂಲದ ಅಭಿಮಾನಿಗಳಲ್ಲಿ ಕೆಲವರು ಸಂಘಟಿತರಾಗಿ ವಿರೋಧಿಸಿದರು. ಮುಖ್ಯ ಆಕ್ಷೇಪಗಳು ಇವು:

* ಪಾತ್ರಗಳ ಬದಲಾವಣೆ: ಪ್ರಿಯತಮೆಗಾಗಿ ಪ್ರಾಣವನ್ನೇ ಪಣವಾಗಿಟ್ಟಿದ್ದ ರೌಲ್ ಇಲ್ಲಿ ಕುಡುಕನಾಗಿದ್ದಾನೆ, ಸ್ನೇಹಮಯಿಯಾಗಿದ್ದ ಮೆಗ್ ಸಾವಿಗೆ ಕಾರಣಳಾಗುತ್ತಾಳೆ. ಈ ಪರಿವರ್ತನೆಗಳಿಗೆ ಸಾಕಷ್ಟು ಪೂರ್ವಸಿದ್ಧತೆ ಇಲ್ಲ.
* ಕಾಲದ ಗೊಂದಲ: ಮೂಲಕಥೆ ನಡೆಯುವುದು 1881ರಲ್ಲಿ. ಹತ್ತು ವರ್ಷಗಳ ಅನಂತರದ ಕಥೆಯೆಂದು ಹೇಳಿಕೊಳ್ಳುವ ಉತ್ತರಭಾಗ 1907ರಲ್ಲಿ ನಡೆಯುತ್ತದೆ.
* ಮುಕ್ತಾಯದ ನಿರರ್ಥಕತೆ: ರೌಲ್‌ನೊಡನೆ ವಿವಾಹವಾಗುವ ಮುನ್ನ ಕ್ರಿಸ್ಟೀನ್ ತಾನಾಗಿಯೇ ಫ್ಯಾಂಟಮ್‌ನನ್ನು ಹುಡುಕಿ ಹೋಗಿದ್ದಳೆಂದು ಹೊಸ ಕಥೆ ಹೇಳುತ್ತದೆ. ಇದರಿಂದ ಮೊದಲ ನಾಟಕದ ತ್ಯಾಗವೇ ಅರ್ಥ ಕಳೆದುಕೊಳ್ಳುತ್ತದೆ.

ಮೂರನೆಯ ಆಕ್ಷೇಪವೇ ಹೆಚ್ಚು ಗಂಭೀರವಾದುದು. ಉತ್ತರಭಾಗವು ಮುಂದಿನ ಘಟನೆಗಳನ್ನಷ್ಟೇ ಹೇಳುವುದಿಲ್ಲ. ಪ್ರೇಕ್ಷಕರು ಹಿಂದೆ ಕಂಡದ್ದರ ಅರ್ಥವನ್ನೂ ಮಾರ್ಪಡಿಸುತ್ತದೆ. ಕರುಣೆಯ ಚುಂಬನವೆಂದು ಮನದಲ್ಲಿ ಉಳಿದದ್ದು ಇಲ್ಲಿ ಗುಪ್ತ ಪ್ರೇಮದ ಸುಳಿವಾಗುತ್ತದೆ.

ಪರಿಷ್ಕರಣೆ ಮತ್ತು ಅನಂತರದ ಪ್ರಯೋಗಗಳು

2010ರ ನವೆಂಬರಿನಲ್ಲಿ ಪ್ರದರ್ಶನವನ್ನು ಕೆಲವು ದಿನ ನಿಲ್ಲಿಸಿ ನಾಟಕವನ್ನು ತಿದ್ದಲಾಯಿತು. ಯೋಜಿತವಾಗಿದ್ದ ಬ್ರಾಡ್‌ವೇ ಪ್ರಯೋಗ ಮೊದಲು ಮುಂದಕ್ಕೆ ಹೋಗಿ, ಬಳಿಕ ರದ್ದಾಯಿತು. 2011ರ ಮೇ ತಿಂಗಳಲ್ಲಿ ಮೆಲ್ಬರ್ನಿನಲ್ಲಿ ಸೈಮನ್ ಫಿಲಿಪ್ಸ್ ಹೊಸ ರಂಗಸಜ್ಜಿಕೆಯೊಂದಿಗೆ ನಿರ್ದೇಶಿಸಿದ ಪ್ರಯೋಗ ಲಂಡನ್ನಿನದಕ್ಕಿಂತ ಉತ್ತಮ ಸ್ವಾಗತ ಪಡೆಯಿತು; ಅದನ್ನು ಚಿತ್ರೀಕರಿಸಿ ಡಿವಿಡಿಯಾಗಿಯೂ ಬಿಡುಗಡೆ ಮಾಡಲಾಯಿತು. ಜರ್ಮನಿ, ಜಪಾನ್ ಮುಂತಾದೆಡೆಯೂ ನಾಟಕ ಪ್ರದರ್ಶಿತವಾಯಿತು. 2017–18ರಲ್ಲಿ ಅಮೆರಿಕದ ನಗರಗಳಲ್ಲಿ ಅದರ ಪ್ರವಾಸೀ ಪ್ರದರ್ಶನಗಳು ನಡೆದವು.

ಲಂಡನ್ ಪ್ರದರ್ಶನಗಳು ನಿಂತ ಕೆಲವೇ ವಾರಗಳಲ್ಲಿ, 2011ರ ಅಕ್ಟೋಬರಿನಲ್ಲಿ, ಮೂಲನಾಟಕದ ಇಪ್ಪತ್ತೈದನೆಯ ವರ್ಷಾಚರಣೆ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಜರುಗಿತು. ಫ್ಯಾಂಟಮ್ ಮತ್ತು ಕ್ರಿಸ್ಟೀನ್ ಆಗಿ ಅಲ್ಲಿ ಹಾಡಿದವರು ಉತ್ತರಭಾಗದ ಅದೇ ಕರೀಮ್‌ಲೂ ಮತ್ತು ಬಾಗೆಸ್.