ಓಡದ ಕಾರು ವಾಹನವೇ?

ಕಳೆದ ಆಟಿ ತಿಂಗಳ ಒಂದು ಸಂಜೆ, ಮಳೆ ತುಸು ಬಿಡುವು ಕೊಟ್ಟ ಹೊತ್ತಿನಲ್ಲಿ, ಕಡಬದಲ್ಲಿರುವ ನನ್ನ ಸೋದರಳಿಯ ಮನೆಗೆ ಬಂದನು. ಕಾಲು ತೊಳೆದು ಜಗಲಿಯಲ್ಲಿ ಕುಳಿತವನೇ, "ಮಾವ, ಒಂದು ಕಾರು ನೋಡಿದ್ದೇನೆ. ತೆಗೆದುಕೊಳ್ಳಬಹುದೋ ಬಾರದೋ ನೀವು ಹೇಳಬೇಕು" ಎಂದನು. ಕಾರು ಕೊಳ್ಳುವ ವಿಷಯಕ್ಕೆ ನಿವೃತ್ತ ಮಾಸ್ತರನ ಅಭಿಪ್ರಾಯ ಏಕೆ ಬೇಕೆಂದು ಕೇಳಿದೆ. ಮದುವೆಯಾದ ವರ್ಷ ಅವನು ಮುನಿಗಳೊಬ್ಬರ ಸನ್ನಿಧಿಯಲ್ಲಿ ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿದ್ದನು. ಆಗ ಬರೆದುಕೊಟ್ಟ ಪಟ್ಟಿಯಲ್ಲಿ ವಾಹನಗಳು ಎರಡು ಎಂದಿತ್ತು. ತೋಟದ ಕೆಲಸಕ್ಕೆ ಪಿಕಪ್ ಒಂದು, ಅವನ ಪತ್ನಿ ಓಡಿಸುವ ಸ್ಕೂಟರ್ ಒಂದು. ಲೆಕ್ಕ ತುಂಬಿದೆ.

ಅವನು ಕಂಡ ಕಾರು ಪುತ್ತೂರಿನ ಹೊರವಲಯದ ಒಂದು ಅಡಿಕೆ ಗೋದಾಮಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು ಬಿದ್ದಿತ್ತು. ಸ್ಯಾನ್ ಸ್ಟಾರ್ಮ್ ಎಂದು ಅದರ ಹೆಸರು. 1990ರ ದಶಕದ ಕೊನೆಯಲ್ಲಿ ಸ್ಯಾನ್ ಮೋಟಾರ್ಸ್ ಎಂಬ ನಮ್ಮ ದೇಶದ ಕಂಪನಿ ತಯಾರಿಸಿದ, ಇಬ್ಬರು ಮಾತ್ರ ಕುಳಿತುಕೊಳ್ಳಬಹುದಾದ, ಮಾಡು ತೆರೆಯುವ ಸ್ಪೋರ್ಟ್ಸ್ ಕಾರು. ಮೈ ಫೈಬರ್‌ಗ್ಲಾಸಿನದು, ಎಂಜಿನ್ ಫ್ರಾನ್ಸಿನ ರೆನೋ ಕಂಪನಿಯ 1.2 ಲೀಟರಿನದು. ಬಹಳ ಕಡಿಮೆ ಸಂಖ್ಯೆಯಲ್ಲಿ ತಯಾರಾದ ಕಾರಾದ್ದರಿಂದ ಬಲ್ಲವರಿಗೆ ಅದರ ಮೇಲೆ ಬಹಳ ಮೋಹ. ಹಿಂದಿನ ಯಜಮಾನರು ದುರಸ್ತಿಗೆಂದು ಬಿಚ್ಚಿದವರು ಮತ್ತೆ ಜೋಡಿಸಲಿಲ್ಲ. ಎಂಜಿನ್ ಹಲಗೆಯ ಮೇಲೆ, ಬಾಗಿಲುಗಳು ಗೋಡೆಗೆ ಒರಗಿ, ಬೋಲ್ಟು ನಟ್ಟುಗಳು ಬಿಸ್ಕತ್ತಿನ ಡಬ್ಬಗಳಲ್ಲಿ. ಮುಂದಿನ ಗಾಜು ಇಲ್ಲ, ಬಟ್ಟೆಯ ಮಾಡು ಇಲ್ಲ.

"ಹಾಗಾದರೆ ಮೂರನೆಯ ವಾಹನವಾಯಿತಲ್ಲ?" ಎಂದೆ.

"ಓಡದ ಕಾರು ವಾಹನ ಹೇಗಾಗುತ್ತದೆ ಮಾವ? ಸದ್ಯಕ್ಕೆ ಅದು ಕಬ್ಬಿಣ, ಫೈಬರುಗಳ ರಾಶಿ. ಓಡಿದ ದಿನ ಪಿಕಪ್ ಮಾರಿದರಾಯಿತು."

ತರ್ಕಕ್ಕೆ ತಲೆದೂಗಬೇಕೆನಿಸಿತು. ಆದರೆ ಈ ತರ್ಕ ಹೊಸತಲ್ಲ. ಇಷ್ಟೇ ಗದ್ದೆ ಎಂದು ವ್ರತ ಮಾಡಿದವನು ಪಕ್ಕದ ಗದ್ದೆಯನ್ನೂ ಕೊಂಡು, ನಡುವಿನ ಕಟ್ಟಹುಣಿಯನ್ನು ಕಡಿದು, ಈಗಲೂ ಒಂದೇ ಗದ್ದೆ ಎಂದು ಎಣಿಸಿಕೊಂಡರೆ ಅದು ಅತಿಚಾರವೆಂದು ಹಿಂದಿನ ಆಚಾರ್ಯರು ವಿವರಿಸಿದ್ದಾರೆ. ವ್ರತ ಮುರಿದಂತೆ ಕಾಣುವುದಿಲ್ಲ. ಸಂಖ್ಯೆ ಸರಿಯಾಗಿಯೇ ಇರುತ್ತದೆ. ವ್ರತದ ಒಳಗಿನ ತಿರುಳು ಮಾತ್ರ ಸೋರಿಹೋಗಿರುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಹೇಳುವ ಅತಿಚಾರಗಳಲ್ಲಿ ಮೊದಲನೆಯದೇ ಅತಿವಾಹನ. ಎತ್ತು ಮೊದಲಾದವನ್ನು ಅವು ಸುಖವಾಗಿ ನಡೆಯಬಲ್ಲಷ್ಟಕ್ಕಿಂತ ಹೆಚ್ಚು ದೂರ ಓಡಿಸುವುದೆಂದು ಹಳೆಯ ಟೀಕೆಯ ಅರ್ಥ. ಅಗತ್ಯಕ್ಕಿಂತ ಹೆಚ್ಚು ವಾಹನಗಳನ್ನು ಇಟ್ಟುಕೊಳ್ಳುವುದೆಂದು ಈಚಿನವರ ಅರ್ಥ. ಅದೇ ಪಟ್ಟಿಯಲ್ಲಿ ಅತಿಸಂಗ್ರಹವೂ ಇದೆ, ವಿಸ್ಮಯವೂ ಇದೆ. ಪರರ ಸಂಪತ್ತನ್ನು ಕಂಡು ಬಾಯಿ ಬಿಡುವುದನ್ನೂ ದೋಷವೆಂದು ಎಣಿಸಿದ ಆ ಸೂಕ್ಷ್ಮ ದೃಷ್ಟಿಗೆ ನಾನು ಪ್ರತಿ ಸಲವೂ ಬೆರಗಾಗುತ್ತೇನೆ. ಈ ಬೆರಗು ದೋಷವಲ್ಲವೆಂದು ನಂಬಿದ್ದೇನೆ.

ಆದರೂ ಅವನಿಗೆ ಶಾಸ್ತ್ರ ಓದಿ ಹೇಳಲು ನನಗೆ ನಾಲಿಗೆ ಏಳಲಿಲ್ಲ. ಕಾರಣ ನಮ್ಮ ಮನೆಯ ಅಟ್ಟದ ಮೇಲಿತ್ತು. ಸುಳ್ಯ ತಾಲ್ಲೂಕಿನಲ್ಲಿ ಮಾಸ್ತರಿಕೆಗೆ ಸೇರಿದ ಹೊಸತರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಒಂದು ಹಳೆಯ ಯೆಜ್ಡಿ ಬೈಕನ್ನು, ಬಿಚ್ಚಿದ ಸ್ಥಿತಿಯಲ್ಲಿ, ಅಗ್ಗಕ್ಕೆ ಸಿಕ್ಕಿತೆಂದು ಕೊಂಡಿದ್ದೆ. ಬೇಸಿಗೆ ರಜೆಯಲ್ಲಿ ಜೋಡಿಸುವುದೆಂದು ಸಂಕಲ್ಪ. ಎಷ್ಟೋ ಬೇಸಿಗೆಗಳು ಕಳೆದವು. ವರ್ಗವಾದಾಗಲೆಲ್ಲ ಆ ಗೋಣಿಚೀಲವೂ ನಮ್ಮೊಂದಿಗೆ ಬಂತು. ಕಾರ್ಖಾನೆ 1996ರಲ್ಲಿ ಮುಚ್ಚಿದ ಸುದ್ದಿ ಓದಿದ ದಿನ, ಇನ್ನು ಬಿಡಿಭಾಗ ಸಿಗಲಾರದೆಂಬ ಚಿಂತೆಯಲ್ಲಿ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಒಂದು ದಿನವೂ ಏರದ ಬೈಕಿಗಾಗಿ! ಪಾಠಕ್ಕೆ ಹೋಗಲು ನಾನು ಓಡಿಸುತ್ತಿದ್ದ ಗಾಡಿಯನ್ನು ಮಾರಿದಾಗ ಇಂತಹ ಸಂಕಟವೇನೂ ಆಗಿರಲಿಲ್ಲ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹವನ್ನು ವಸ್ತುವಿನಿಂದ ಅಳೆಯದೆ ಮೂರ್ಛೆಯಿಂದ ಅಳೆದಿರುವುದರ ಅರ್ಥ ನನಗೆ ತಿಳಿದುದು ಆ ಚೀಲದಿಂದ. ಪೂರ್ಣಗೊಂಡ ವಸ್ತು ತನ್ನ ಮಿತಿಯನ್ನು ತಾನೇ ತೋರಿಸುತ್ತದೆ. ಅದು ಇಷ್ಟೇ ಓಡುತ್ತದೆ, ಇಷ್ಟೇ ಸುಖ ಕೊಡುತ್ತದೆ. ಅಪೂರ್ಣ ವಸ್ತುವಿಗೆ ಅಂತಹ ಮಿತಿಯಿಲ್ಲ, ಅದು ಮನಸ್ಸಿನಲ್ಲಿ ಬೆಳೆಯುತ್ತಲೇ ಇರುತ್ತದೆ. ಸಿಗದ ಗಾಜಿಗಾಗಿ ಹಂಬಲಿಸುವುದು, ಸಿಕ್ಕಿದ ಮೇಲೆ ಅದು ಒಡೆದೀತೆಂದು ಅಂಜುವುದು, ಮುಂದೊಂದು ದಿನದ ಸವಾರಿಯನ್ನು ಈಗಲೇ ಅನುಭವಿಸುವುದು, ಇವೆಲ್ಲ ಆರ್ತಧ್ಯಾನದ ಬಗೆಗಳೇ.

ಇದನ್ನೆಲ್ಲ ಹೇಳಿದಾಗ ಅಳಿಯ ಸುಮ್ಮನಿರಲಿಲ್ಲ. "ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹೆಗ್ಗಡೆಯವರು ಅಷ್ಟೊಂದು ಹಳೆಯ ಕಾರುಗಳನ್ನು ಇರಿಸಿದ್ದಾರಲ್ಲ?" ಎಂದನು. ಒಳ್ಳೆಯ ಪ್ರಶ್ನೆ. ನಾನೂ ಅವುಗಳ ಮುಂದೆ ಶಾಲಾ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪಾಠ ಹೇಳಿದವನೇ. ಆದರೆ ಅಲ್ಲಿನ ಕಾರು ನೋಡಬಂದವರೆಲ್ಲರದು. ಗೋದಾಮಿನ ಕಾರನ್ನು ಹೀಗೆ ಊರಿನ ಮುಂದೆ ಇಡುವ ಯೋಚನೆ ಇದೆಯೇ ಎಂದು ಕೇಳಿದೆ. ಅವನು ನಕ್ಕನು. ಸಂಪಾಜೆ ಘಾಟಿಯಲ್ಲಿ ಮಾಡು ತೆರೆದು ಒಬ್ಬನೇ ಓಡಿಸಬೇಕೆಂಬುದೇ ಅವನ ಆಸೆಯಂತೆ. ಸುಳ್ಳು ಹೇಳಲಿಲ್ಲವೆಂಬುದು ಸಂತೋಷ.

ಕೈಕೆಲಸವನ್ನು ನಾನು ಹಳಿಯುವವನಲ್ಲ. ತನ್ನ ಕೈಯಾರೆ ಯಂತ್ರವೊಂದನ್ನು ಸರಿಪಡಿಸುವವನ ಏಕಾಗ್ರತೆ ಎಷ್ಟೋ ಜನರ ಜಪಕ್ಕಿಂತ ಮೇಲು. ಆದುದರಿಂದ ಬೇಡವೆನ್ನದೆ, ಕೊಳ್ಳುವ ಮೊದಲು ಮೂರು ಮಿತಿಗಳನ್ನು ಬರೆಯಲು ಹೇಳಿದೆ: ಎಷ್ಟು ಹಣ, ಎಷ್ಟು ಕಾಲ, ಎಷ್ಟು ಜಾಗ. ಆ ಮಿತಿ ಮುಟ್ಟಿದ ದಿನ ಕಾರು ಯಾವ ಸ್ಥಿತಿಯಲ್ಲಿದ್ದರೂ ಇನ್ನೊಬ್ಬರಿಗೆ ಒಪ್ಪಿಸುವುದಾದರೆ ಕೊಳ್ಳಬಹುದು. ವ್ರತದ ಲೆಕ್ಕದಲ್ಲಿ ಮಾತ್ರ ಅದು ಮೊದಲ ದಿನದಿಂದಲೇ ವಾಹನ. ಪಿಕಪ್ ಮಾರುವುದಿದ್ದರೆ ಇಂದೇ ಮಾರಬೇಕು.

ಅವನು ಒಂದು ವಾರ ವಿಚಾರಿಸಿದನು. ನಮ್ಮೂರ ಮಳೆಯಲ್ಲಿ ಫೈಬರಿನ ಮೈಗೆ ತುಕ್ಕು ಹಿಡಿಯದಿದ್ದರೂ ಕೆಳಗಿನ ಉಕ್ಕಿನ ಚೌಕಟ್ಟಿಗೆ ಹಿಡಿಯುತ್ತದೆ. ಗೋದಾಮಿಗೆ ಮತ್ತೆ ಹೋಗಿ ಟಾರ್ಚು ಹಾಕಿ ನೋಡಿದಾಗ ಹಿಡಿದಿತ್ತು. ನೋಂದಣಿಯ 15 ವರ್ಷಗಳ ಅವಧಿ ಎಂದೋ ಮುಗಿದಿತ್ತು. ನವೀಕರಿಸಬೇಕಾದರೆ ಕಾರನ್ನು ಪರೀಕ್ಷೆಗೆ ಒಡ್ಡಬೇಕು; ಅದಕ್ಕೆ ಮೊದಲು ಅದು ಕಾರಾಗಬೇಕು. ರೆನೋ ಎಂಜಿನ್ ಕೈಕೊಟ್ಟರೆ ಬೇರೆಯದನ್ನು ಮನಬಂದಂತೆ ಕೂರಿಸಲು ಮೋಟಾರು ವಾಹನ ಕಾಯಿದೆ ಬಿಡುವುದಿಲ್ಲ. ಹಣದ ಅಂಕಣ ತುಂಬುವಾಗ ಅವನ ಪತ್ನಿ ಒಂದು ಮಾತು ಹೇಳಿದಳಂತೆ. ಸುಳ್ಯದ ಕಡೆಯ ಅವಳ ಪಾಲಿನ ತೋಟಕ್ಕೆ ಹಳದಿ ಎಲೆ ರೋಗ ಬಂದಿದೆ. ಅಡಿಕೆಮರ ಕಡಿದು ಬೇರೆ ಬೆಳೆ ಹಾಕಲು ಎತ್ತಿಟ್ಟ ಹಣವೂ, ಕಾರಿಗೆ ಬರೆದ ಹಣವೂ ಒಂದೇ ಖಾತೆಯದು.

ದಶಲಕ್ಷಣ ಪರ್ವ ಮುಗಿಯುವವರೆಗೆ ಉತ್ತರ ಕೊಡುವುದಿಲ್ಲವೆಂದು ಅವನು ಗೋದಾಮಿನವರಿಗೆ ಹೇಳಿದ್ದನು. ಒಂಬತ್ತನೆಯ ದಿನ, ಉತ್ತಮ ಆಕಿಂಚನ್ಯದ ಪೂಜೆ ಮುಗಿಸಿ ಬಸದಿಯ ಮೆಟ್ಟಿಲಿಳಿಯುತ್ತಲೇ ಫೋನು ಮಾಡಿ ಬೇಡವೆಂದನು. ಅವರಿಗೆ ಬೇಸರವಾಗಲಿಲ್ಲ, ಯಾರಾದರೂ ಜೋಡಿಸುವವರು ಬಂದರೆ ಕೈಜೋಡಿಸುತ್ತೀಯಾ ಎಂದು ಕೇಳಿದರಂತೆ. ಇವನು ಒಪ್ಪಿದ್ದಾನೆ. ಅದರಲ್ಲಿಯೂ ತುಸು ಮೂರ್ಛೆ ಉಂಟೇ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ.

ಏಕೆಂದರೆ ಮರುವಾರ ಅವನು ಪಿಕಪ್ ತಂದು ನನ್ನ ಅಟ್ಟದ ಗೋಣಿಚೀಲವನ್ನು ಇಳಿಸಿ, ಹಳೆಯ ಬೈಕುಗಳನ್ನು ರಿಪೇರಿ ಮಾಡುವ ಸುಳ್ಯದ ಹುಡುಗನೊಬ್ಬನಿಗೆ ನನ್ನ ಪರವಾಗಿ ಕೊಟ್ಟುಬಂದನು. ಹುಡುಗ ಎಲ್ಲವನ್ನೂ ಹರವಿ ನೋಡಿ, ಕಾರ್ಬ್ಯುರೇಟರ್ ಎಲ್ಲಿ ಎಂದು ಕೇಳಿ ಕಳುಹಿಸಿದ್ದಾನೆ. ಅದು ನನ್ನ ಮೇಜಿನ ಖಾನೆಯಲ್ಲಿದೆ.